ಹರಗೋಲು ನಡುಹೊಳೆಯಲ್ಲಿದೆ

ಲಕ್ಷ್ಮೇಶ್ವರ
೪ ಜುಲೈ ೨೦೨೨

‘ಹನ್ನೆರಡು ನಾಡು’ ಆಟದ ಸಂಚಾಲಕರಾದ ಹೊನ್ನೇಶ ಅವರಿಗೆ,

ನಿಮ್ಮನ್ನು ಹೊನ್ನೇಶಣ್ಣ ಎಂದು ಕರೆದು ರೂಢಿ. ಇವತ್ತು ಆ ಹೆಸರು ಬರೆಯಲು ಕೈ ಏಳಲಿಲ್ಲ.

ಕಾಗದದಲ್ಲಿ ಏಕೆ ಬರೆಯುತ್ತಿದ್ದೇನೆಂದು ಮೊದಲೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಬರೆದರೆ ನೀವು ಆ ಕ್ಷಣಕ್ಕೇ ಉತ್ತರ ಕೊಡುತ್ತೀರಿ. ಕೈ ಮುಗಿದ ಚಿತ್ರವೊಂದನ್ನು ಕಳಿಸುತ್ತೀರಿ. ಅಲ್ಲಿಗೆ ಮಾತು ಮುಗಿಯಿತು ಅಂದುಕೊಳ್ಳುತ್ತೀರಿ. ಈ ಮಾತು ಹಾಗೆ ಮುಗಿಯುವಂಥದ್ದಲ್ಲ.

ನಿನ್ನೆ, ಫೆಬ್ರುವರಿಯ ನಂತರ ಮೊದಲ ಸಲ, ಆಟದ ಜಾಲತಾಣ ತೆರೆದೆ. ಜಾಹೀದಣ್ಣ ಬರೆದ ಕೊನೆಯ ಸಾಲನ್ನು ಓದಬೇಕೆನಿಸಿತ್ತು. ಮುಂದಿನದನ್ನು ನಿಮಗೆ ಗೊತ್ತಿದ್ದರೂ ಬರೆಯುತ್ತೇನೆ, ಏಕೆಂದರೆ ನೀವು ಮರೆತಂತಿದೆ.

ನಮ್ಮ ಆಟದಲ್ಲಿ ಒಬ್ಬೊಬ್ಬರದು ಒಂದೊಂದು ಕಲ್ಪನೆಯ ದೇಶ. ಅದರ ಕಾನೂನು, ಜಗಳ, ಒಪ್ಪಂದ ಎಲ್ಲವನ್ನೂ ಆ ದೇಶದವರೇ ಬರೆಯಬೇಕು. ಒಬ್ಬರ ದೇಶದ ಪರವಾಗಿ ಇನ್ನೊಬ್ಬರು ಮಾತಾಡುವಂತಿಲ್ಲ. ಇದು ಮೊದಲ ನಿಯಮ. ಬರೆದವರು ನೀವು.

ಕಡವಿನಾಡು ನನ್ನದೂ ನನ್ನ ಅಣ್ಣ ಜಾಹೀದನದೂ. ಕಾನೂನು ನಾನು ಬರೆಯುತ್ತಿದ್ದೆ, ಜನರನ್ನು ಅವನು ಬರೆಯುತ್ತಿದ್ದ. ಆ ದೇಶಕ್ಕೆ ಸೇತುವೆ ಇರಲಿಲ್ಲ. ಯಾರೇ ಬರಬೇಕೆಂದರೂ ಹೊಳೆಯ ದಂಡೆಯಲ್ಲಿ ನಿಂತು, ಮುದಕಪ್ಪನ ಹರಗೋಲು ಹತ್ತಿ, ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಿತ್ತು. ಅಬ್ಬಾ ಹೊಲಿದ ಹತ್ತಿಯ ಗಾದಿಗಳನ್ನು ಮುಂಡರಗಿ ಕಡೆ ಕೊಡಲು ಹೋದಾಗ ತುಂಗಭದ್ರೆಯಲ್ಲಿ ಹರಗೋಲು ಹಾಕುವ ಮುದುಕನೊಬ್ಬನನ್ನು ನೋಡಿ ಬಂದು ಅಣ್ಣ ಅವನನ್ನು ಕಟ್ಟಿದ್ದ. ಹೊಸಬರು ಯಾರೇ ಸೇರಿದರೂ ನೀವು ಅವರನ್ನು ಅಣ್ಣನಿಗೆ ಒಪ್ಪಿಸುತ್ತಿದ್ದಿರಿ. ಸುಮ್ಮನೆ ನೋಡುತ್ತ ಕೂಡುವವರನ್ನು ಬಯ್ದು, ಚೇಷ್ಟೆ ಮಾಡಿ ಮಾತಿಗೆಳೆಯುವುದು ಮುದಕಪ್ಪನಿಗೆ ಬರುತ್ತಿತ್ತು. ನಿಮಗೆ ಬರುತ್ತಿರಲಿಲ್ಲ.

ಅಣ್ಣನ ಕೊನೆಯ ಸಾಲಿನಲ್ಲಿ ಹೊಳೆಯ ಮೇಲೆ ಮಂಜು ಕವಿದಿದೆ. ಹರಗೋಲು ನಡುಹೊಳೆಯಲ್ಲಿದೆ. ಒಳಗೆ ಕುಳಿತಿರುವವನು ನಿಮ್ಮ ದೇಶದ ರಾಯಭಾರಿ. ಮುದಕಪ್ಪ ಹುಟ್ಟು ನಿಲ್ಲಿಸಿ ಕೇಳುತ್ತಾನೆ: ‘ಸಾಹೇಬರ, ಈಜು ಬರತೈತೇನು?’

ಮರುದಿನ ಶಿಗ್ಲಿ ರಸ್ತೆಯಲ್ಲಿ, ದೀಪವಿಲ್ಲದೆ ನಿಲ್ಲಿಸಿದ್ದ ಟ್ರೇಲರಿಗೆ ಅಣ್ಣನ ಗಾಡಿ ಬಡಿಯಿತು.

ನಾನು ಬರೆಯುವುದನ್ನು ನಿಲ್ಲಿಸಿದೆ. ಹರಗೋಲು ಅಲ್ಲೇ ಇರುತ್ತದೆ ಅಂದುಕೊಂಡಿದ್ದೆ. ಮನೆಯಲ್ಲಿ ಅವನ ಅಂಗಿಗಳನ್ನು ಹಂಚಿದರು. ಅವನು ಮಲಗುವ ಜಾಗದಲ್ಲಿ ಹತ್ತಿಯ ಮೂಟೆ ಬಂತು. ಹೊಳೆಯೊಂದಾದರೂ ಇದ್ದ ಹಾಗೇ ಇದೆ ಎಂಬ ಧೈರ್ಯ ಇತ್ತು.

ನಿನ್ನೆ ನೋಡಿದರೆ ಮುದಕಪ್ಪ ಏಪ್ರಿಲಿನಿಂದ ಮಾತಾಡುತ್ತಿದ್ದಾನೆ. ಜೂನಿನಲ್ಲಿ ಬಿರುಗಾಳಿಗೆ ಸಿಕ್ಕಿ ಸತ್ತಿದ್ದಾನೆ. ಹೊಳೆಗೆ ಸೇತುವೆ ಆಗಿದೆ, ಅದಕ್ಕೆ ಅವನ ಹೆಸರಿಟ್ಟಿದ್ದಾರೆ. ಉಳಿದ ಹನ್ನೊಂದು ದೇಶಗಳೂ ಸಂತಾಪ ಕಳಿಸಿವೆ. ಅದಕ್ಕೆ ಕಡವಿನಾಡು ಕೊಟ್ಟ ಉತ್ತರ ಹೀಗಿದೆ: ‘ನಮಗೆ ಹೊಳೆಯ ಮೇಲೆ ಸಿಟ್ಟಿಲ್ಲ. ಗಾಳಿಯ ಮೇಲೆ ಸಿಟ್ಟಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ಇಂತು, ಕಡವಿನಾಡಿನ ಒಡತಿ.’

ಒಡತಿ ನಾನು.

ಅದರ ಕೆಳಗೆ ನಿಮ್ಮ ಭಾನುವಾರದ ವರದಿ. ‘ಈ ತಿಂಗಳು ಆಟಗಾರರ ಪಾಲ್ಗೊಳ್ಳುವಿಕೆ ಹಿಂದೆಂದಿಗಿಂತಲೂ ಹೆಚ್ಚು. ಎಲ್ಲರಿಗೂ ಅಭಿನಂದನೆ.’

ನಮ್ಮ ದೇಶದ ಪಾಸ್‌ವರ್ಡ್ ಗೊತ್ತಿದ್ದವರು ಮೂವರು. ಒಬ್ಬ ಮಣ್ಣಿನಲ್ಲಿದ್ದಾನೆ. ಒಬ್ಬಳು ಬರೆದಿಲ್ಲ. ಮೂರನೆಯವರು ಉತ್ತರ ಕೊಡಬೇಕು.

ಶಾಹಿಸ್ತಾ
(ಮರ್ದಾನಸಾಬರ ಮಗಳು)


ಗದಗ
೯ ಜುಲೈ ೨೦೨೨

ತಂಗಿ ಶಾಹಿಸ್ತಾಗೆ,

ನಿನ್ನ ಕಾಗದ ಪ್ರೆಸ್ಸಿನ ವಿಳಾಸಕ್ಕೆ ಬಂತು. ಯಂತ್ರದ ಪಕ್ಕ ನಿಂತೇ ಓದಿದೆ.

ಬರೆದವನು ನಾನೇ. ನೀನು ಫೋನು ಎತ್ತಿದ್ದರೆ ಆಗಲೇ ಹೇಳುತ್ತಿದ್ದೆ. ಎಷ್ಟು ಸಲ ಮಾಡಿದರೂ ನೀನು ಎತ್ತಲಿಲ್ಲ.

ಈಗ ನನ್ನ ಮಾತನ್ನೂ ಕೇಳು. ಜಾಹೀದ ತೀರಿಕೊಂಡ ವಾರವೇ ಮುಂಡರಗಿಯಿಂದ ಮೂವರು ಹೊಸಬರು ಸೇರಿದ್ದರು. ರೂಢಿಯಂತೆ ಅವರನ್ನು ಕಡವಿನಾಡಿನ ದಂಡೆಗೆ ಕಳಿಸಿದ್ದೆ. ಅವರು ಅಲ್ಲೇ ಕಾದರು. ಮಂಜುಳಾ ಎಂಬ ಹುಡುಗಿ ದಿನಕ್ಕೊಂದು ಸಾಲು ಬರೆಯುತ್ತಿದ್ದಳು: ‘ಅಜ್ಜಾ, ಹರಗೋಲು ಬರತೈತೋ ಇಲ್ಲೋ? ಬುತ್ತಿ ತೀರೇತಿ.’ ಆಮೇಲೆ ನನಗೇ ಬರೆದಳು: ‘ಅಣ್ಣಾರ, ನಮ್ಮನ್ನ ಇಲ್ಲಿ ಕುಂಡ್ರಿಸಿ ಮರತೀರೇನ್ರಿ?’ ಅವಳಿಗೆ ನಾನು ಏನು ಹೇಳಬೇಕಿತ್ತು?

ಆಟ ನಡೆಯುವುದು ಬರೆಯುವವರಿಂದ. ಒಬ್ಬರು ನಿಂತರೆ ಅವರ ಉತ್ತರಕ್ಕೆ ಕಾದವರು ನಿಲ್ಲುತ್ತಾರೆ. ಬೆಟಗೇರಿಯ ಮಗ್ಗದಲ್ಲಿ ಒಂದು ಎಳೆ ಕಡಿದರೆ ಆ ಎಳೆಯನ್ನು ಯಾರಾದರೂ ಗಂಟು ಹಾಕಲೇಬೇಕು.

ನಮ್ಮೂರು ಅಸುಂಡಿಯಲ್ಲಿ ನಮ್ಮ ಹೊಲದ ಪಕ್ಕದ್ದು ಕರೆವ್ವನ ಹೊಲ. ಅವಳ ಗಂಡ ತೀರಿಕೊಂಡದ್ದು ಹೆಸರುಕಾಳು ಬಿತ್ತುವ ಹೊತ್ತಿನಲ್ಲಿ. ಅಕ್ಕಪಕ್ಕದವರು ಎತ್ತು ಕೂರಿಗೆ ಹೊಡೆದುಕೊಂಡು ಹೋಗಿ ಒಂದೇ ದಿನದಲ್ಲಿ ಅವಳ ಹೊಲ ಬಿತ್ತಿ ಬಂದರು. ಇದಕ್ಕೆ ನಮ್ಮಲ್ಲಿ ಮುಯ್ಯಿ ಎನ್ನುತ್ತಾರೆ. ಇವತ್ತು ಅವರಿಗೆ ನಾವು, ನಾಳೆ ನಮಗೆ ಅವರು. ಸಾವಾದ ಮನೆಯ ಹೊಲ ಬೀಳು ಬಿದ್ದರೆ ಆ ಮನೆಗೆ ನಾಚಿಕೆಯಲ್ಲ, ಊರಿಗೆ ನಾಚಿಕೆ. ನಾನು ಮಾಡಿದ್ದು ಅದನ್ನೇ. ನಿನ್ನ ಹೊಲ ಬೀಳು ಬೀಳದಂತೆ ನೋಡಿಕೊಂಡೆ.

ಮುದಕಪ್ಪನ ಮಾತು ನನಗೆ ಹತ್ತಲಿಲ್ಲ, ಒಪ್ಪುತ್ತೇನೆ. ಶಿರಹಟ್ಟಿಯ ದಾದಾಪೀರ ಎಲ್ಲರ ಮುಂದೆ ಬರೆದ: ‘ಯಾಕಲೇ ಅಜ್ಜಾ, ಹಲ್ಲು ಬಿದ್ದಾವೇನು? ಮಾತು ಭಾಳ ಸಪ್ಪಗಾಗ್ಯಾವಲ್ಲ!’ ಗುಂಪೆಲ್ಲ ನಕ್ಕಿತು. ಜಾಹೀದನ ಮುದುಕನನ್ನು ನಗೆಪಾಟಲು ಮಾಡುವುದಕ್ಕಿಂತ ಮರ್ಯಾದೆಯಿಂದ ಕಳಿಸಿಕೊಡುವುದೇ ಮೇಲು ಅನ್ನಿಸಿತು. ಆ ಸಂತಾಪಗಳನ್ನು ನೀನು ಇನ್ನೊಮ್ಮೆ ಓದು. ಜನ ಮನಸ್ಸಿಟ್ಟು ಬರೆದಿದ್ದಾರೆ.

ಬೇಡವೆಂದರೆ ಎಲ್ಲವನ್ನೂ ಅಳಿಸಿಬಿಡುತ್ತೇನೆ. ಒಂದು ಮಾತು ಹೇಳು, ಸಾಕು.

ಇನ್ನೊಂದು. ಸಿಟ್ಟು ಮಾಡುವ ಹಕ್ಕು ನಿನ್ನೊಬ್ಬಳದೇ ಅಲ್ಲ. ಅವನು ನನ್ನನ್ನು ಲೇ ಎಂದು ಕರೆಯುತ್ತಿದ್ದ ಗೆಳೆಯ. ಅವನ ಮೇಲೆ ನಾನೂ ಮಣ್ಣು ಹಾಕಿ ಬಂದಿದ್ದೇನೆ.

ಹೊನ್ನೇಶ


ಲಕ್ಷ್ಮೇಶ್ವರ
೧೫ ಜುಲೈ ೨೦೨೨

ಸಂಚಾಲಕರಿಗೆ,

ಅಳಿಸಬೇಡಿ. ಅಳಿಸಿದರೆ ಅದನ್ನು ಯಾರೂ ಬರೆದೇ ಇಲ್ಲ ಎಂದಾಗುತ್ತದೆ. ನನಗೆ ಬೇಕಾದದ್ದು ಅದಲ್ಲ.

ನಮ್ಮ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನೀವು ಕೇಳಿಲ್ಲ. ಆದರೂ ತಿಳಿಸುತ್ತೇನೆ. ಟ್ರೇಲರಿನ ಧಣಿಯ ಕಡೆಯವರು ನಮ್ಮ ಓಣಿಯ ಹಿರಿಯ ಶೇಖಸಾಬರನ್ನು ಮುಂದೆ ಮಾಡಿಕೊಂಡು ರಾಜಿಗೆ ಬರುತ್ತಿದ್ದಾರೆ. ಹೋದ ವಾರವೂ ಬಂದಿದ್ದರು. ಅಬ್ಬಾ ಗಾದಿ ಹೊಲಿಯುತ್ತ ಕುಳಿತಿದ್ದರು.

‘ಮರ್ದಾನಸಾಬ, ಹೋದಾಂವ ತಿರಗಿ ಬರೂದಿಲ್ಲ. ಕೋರ್ಟು ಕಚೇರಿ ಅಂತ ಎಷ್ಟ ದಿನ ಅಡ್ಡಾಡತಿ? ಸಬರ್ ಮಾಡು, ತಾಳಕೋ. ಸಹಿ ಮಾಡು,’ ಅಂದರು ಶೇಖಸಾಬ.

ಅಬ್ಬಾ ದಬ್ಬಣ ನಿಲ್ಲಿಸಲಿಲ್ಲ. ‘ನಂದೇನೂ ಇಲ್ಲರೀ. ಮಗಳು ಒಲ್ಲೆ ಅಂತಾಳ,’ ಅಂದರು.

‘ಕಲತ ಹುಡುಗಿ, ಸಾಲಿ ಟೀಚರು. ಇಷ್ಟ ಸಿಟ್ಟು ಚಂದಲ್ಲ. ಕರಿ ಆಕೀನ್ನ.’

ನಾನು ಬಾಗಿಲಿಗೆ ಬಂದೆ. ‘ಚಾಚಾ, ದೀಪಾ ಹಚ್ಚಲಾರದ ಯಾಕ ನಿಲ್ಲಿಸಿದ್ರು ಅಂತ ಅವರೊಳಗ ಒಬ್ಬರರ ನನ್ನ ಮುಂದ ನಿಂತ ಹೇಳಲಿ. ನಾ ನಿಲ್ಲಿಸಿದೆ, ತಪ್ಪು ನಂದು ಅನ್ನಲಿ. ಆಮ್ಯಾಲೆ ಸಹಿ ಮಾತು,’ ಅಂದೆ. ಆ ಕಡೆಯವರು ತಮ್ಮ ಚಪ್ಪಲಿ ನೋಡಿಕೊಂಡರು. ‘ನಶೀಬ’ ಅಂದನೊಬ್ಬ. ಅವರ ಪ್ರಕಾರ ಟ್ರೇಲರ್ ನಿಲ್ಲಿಸಿದ್ದು ನಶೀಬ.

ಐದು ತಿಂಗಳಿಂದ ಸಿಟ್ಟು ಬಿಡು, ಸಿಟ್ಟು ಬಿಡು ಎಂದು ಮನೆಗೆ ಬಂದವರೆಲ್ಲ ಹೇಳಿದ್ದಾರೆ. ದಿನಾ ಶಿಗ್ಲಿಯ ಶಾಲೆಗೆ ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವಳು ನಾನು. ನಾನು ಬಿಟ್ಟಿಲ್ಲ. ನಾನು ಬಿಟ್ಟರೆ ಕೇಳುವವರು ಯಾರೂ ಉಳಿಯುವುದಿಲ್ಲ. ಹೀಗಿರುವಾಗ ಆಟದ ತಾಣ ತೆರೆದರೆ, ಯಾರ ಮೇಲೂ ಸಿಟ್ಟಿಲ್ಲ ಎಂದು ನಾನೇ ಜೂನಿನಲ್ಲಿ ಸಹಿ ಮಾಡಿಬಿಟ್ಟಿದ್ದೇನೆ.

ನೀವು ಹೊಲ ಬಿತ್ತಲಿಲ್ಲ. ನನ್ನ ಬಾಯಲ್ಲಿ ಮಾತಾಡಿದಿರಿ.

ನೀವು ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿದ್ದೀರಿ. ತಪ್ಪು ಸುದ್ದಿ ಮೊದಲ ಪುಟದಲ್ಲಿ ಬರುತ್ತದೆ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬರುತ್ತದೆ. ನನಗೆ ಮೂಲೆ ಬೇಡ. ಆ ಹೇಳಿಕೆ ಇರುವ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಇದನ್ನು ಬರೆದವಳು ಶಾಹಿಸ್ತಾ ಅಲ್ಲ, ಹೊನ್ನೇಶ ಎಂದು ಹಾಕಿ. ಇಷ್ಟೇ ನನ್ನ ಬೇಡಿಕೆ.

ಶಾಹಿಸ್ತಾ


ಗದಗ
೨೧ ಆಗಸ್ಟ್ ೨೦೨೨

ತಂಗಿ ಶಾಹಿಸ್ತಾಗೆ,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆದು ಹರಿದು ಹಾಕಿದೆ ಎಂದು ಹೇಳಬಹುದು, ಆದರೆ ಅದು ಸುಳ್ಳು. ಬರೆಯಲು ಕೂರಲೇ ಇಲ್ಲ.

ನಿನ್ನ ಬೇಡಿಕೆ ಸಣ್ಣದಾಗಿ ಕಾಣುತ್ತದೆ. ಅದು ಸಣ್ಣದಲ್ಲ. ಏಕೆಂದು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಕಡವಿನಾಡು ಒಂದೇ ಅಲ್ಲ. ಹನ್ನೆರಡರಲ್ಲಿ ಇನ್ನೂ ಮೂರು ನಾಡುಗಳನ್ನು ಎರಡು ವರ್ಷದಿಂದ ನಾನೇ ನಡೆಸುತ್ತಿದ್ದೇನೆ. ಒಬ್ಬನಿಗೆ ಕೆಲಸ ಸಿಕ್ಕಿತು. ಒಬ್ಬಳ ಮದುವೆಯಾಯಿತು. ಬಿಂಕದಕಟ್ಟಿಯವನೊಬ್ಬ ಬೇಸರವಾಗಿ ಬಿಟ್ಟ. ಬಿಟ್ಟವರು ಯಾರೂ ಬಿಟ್ಟೆವೆಂದು ಹೇಳಿ ಹೋಗಲಿಲ್ಲ. ಒಪ್ಪಂದಕ್ಕೆ ಉತ್ತರ ಕಾಯುವವರು ಕಾಯುತ್ತಲೇ ಇದ್ದರು. ಮೊದಲು ಒಂದು ಸಾಲು ಬರೆದೆ, ‘ನಮ್ಮ ರಾಜರಿಗೆ ಹುಷಾರಿಲ್ಲ’ ಎಂದು. ಮರುವಾರ ರಾಜನಿಗೆ ಹುಷಾರಾಗಲೇಬೇಕಲ್ಲ. ಹಾಗೆ ಶುರುವಾಯಿತು. ಜಾಹೀದನಿಗೂ ಇದು ಗೊತ್ತಿರಲಿಲ್ಲ.

ನೀನು ಹೇಳಿದ ಸಾಲನ್ನು ಹಾಕಿದರೆ ಮರುಗಳಿಗೆಯಲ್ಲಿ ಎಲ್ಲರೂ ಕೇಳುತ್ತಾರೆ, ಇನ್ನು ಯಾರ್ಯಾರ ಹೆಸರಿನಲ್ಲಿ ಬರೆದಿದ್ದೀ ಅಂತ. ಆಗ ಒಂದು ದೇಶವೂ ಉಳಿಯುವುದಿಲ್ಲ. ಗದಗ, ಶಿರಹಟ್ಟಿ, ಮುಂಡರಗಿಯ ಮೂಲೆಗಳಲ್ಲಿ ಕುಳಿತು ನಮ್ಮ ಭಾಷೆಯಲ್ಲಿ ಒಂದು ಜಗತ್ತು ಕಟ್ಟಿದ್ದೇವೆ. ಅದನ್ನು ಮೊದಲು ಕಟ್ಟಿದವರು ಇಬ್ಬರೇ, ನಾನು ಮತ್ತು ನಿನ್ನ ಅಣ್ಣ. ನಿನ್ನ ಸಿಟ್ಟಿಗೆ ಅವನ ಆಟವನ್ನೇ ಸುಡಬೇಕೆನ್ನುತ್ತೀಯಾ?

ಟ್ರೇಲರಿನವರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದೆ. ಅದರಿಂದ ನನಗೆ ನೋವಾಗಿದೆ. ನಾನು ಯಾರನ್ನೂ ಕೊಂದಿಲ್ಲ.

ಆ ಸಾಲು ಹಾಕಲು ಆಗುವುದಿಲ್ಲ. ಮನೆಗೆ ಬಂದು ಎದುರಿಗೆ ಮಾತಾಡುತ್ತೇನೆ.

ಹೊನ್ನೇಶ


ಲಕ್ಷ್ಮೇಶ್ವರ
೧೧ ಸೆಪ್ಟೆಂಬರ್ ೨೦೨೨

ಸಂಚಾಲಕರಿಗೆ,

ಶುಕ್ರವಾರ ನೀವು ಬಂದಾಗ ನಾನು ಒಳಗೇ ಇದ್ದೆ. ಪರದೆಯ ಈಚೆ ಹೊಲಿಗೆ ಯಂತ್ರದ ಹತ್ತಿರ ಕುಳಿತಿದ್ದೆ. ಹೊರಗೆ ಬಂದಿದ್ದರೆ ಅಮ್ಮಿಯ ಎದುರು ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಬರದಿದ್ದದ್ದು ಒಳ್ಳೆಯದೇ ಆಯಿತು, ನಿಮ್ಮ ಮಾತೆಲ್ಲ ಕೇಳಿಸಿತು. ನೀವು ಮರೆಯಬಾರದೆಂದು ಬರೆದು ಕಳಿಸುತ್ತಿದ್ದೇನೆ.

ಅಮ್ಮಿ ಚಹಾ ಕೊಟ್ಟು, ‘ಶಾಹಿಸ್ತಾ ಒಳಗದಾಳಪಾ. ಬಾ ಅಂದ್ರ ಬರವಲ್ಲಳು. ನಿಮ್ಮಿಬ್ಬರ ನಡುವ ಏನರ ಮಾತು ಬಂದೈತೇನು?’ ಅಂದಳು.

‘ಏನಿಲ್ಲರೀ ಚಾಚಿ. ಆಟದ್ದ ಒಂದ ಸಣ್ಣ ಮಾತು,’ ಅಂದಿರಿ.

‘ಸಣ್ಣ ಮಾತಿಗೆ ಗದಗಿಂದ ಬಸ್ ಹತ್ತಿ ಬಂದಿಯೇನು?’

ನೀವು ನಕ್ಕಿರಿ. ಅಮ್ಮಿಯೂ ನಕ್ಕಳು. ಫೆಬ್ರುವರಿಯ ನಂತರ ಅವಳು ನಕ್ಕದ್ದನ್ನು ಅಂದೇ ಕೇಳಿದೆ. ಆಮೇಲೆ ಅವಳು ಅಂದಳು: ‘ಜಾಹೀದ ಆ ಹರಗೋಲಿನ ಮುದುಕನ ಮಾತೆಲ್ಲಾ ನನಗ ಓದಿ ಹೇಳತಿದ್ದ. ಭಾಳ ಕಿಡಿಗೇಡಿ ಮುದುಕ. ದೊಡ್ಡ ದೊಡ್ಡ ಸಾಹೇಬರನ್ನ ನೀರಾಗ ಕುಂಡ್ರಿಸಿ ಬೈತಿದ್ದ. ಈಗ ಹೆಂಗದಾನಪಾ ಅಂವ?’

ನೀವು ಚಹಾದ ಕಪ್ಪನ್ನು ಬಸಿಯಲ್ಲಿಟ್ಟ ಸದ್ದು ಕೇಳಿಸಿತು.

‘ಆರಾಮದಾನ್ರೀ ಚಾಚಿ,’ ಅಂದಿರಿ.

ಹೊನ್ನೇಶ ಅವರೇ, ಆ ಮುದುಕ ನೀರಿನಲ್ಲಿ ಸತ್ತು ಮೂರು ತಿಂಗಳಾಯಿತು. ಕೊಂದವರು ನೀವು. ಹೆಸರಿಟ್ಟು ಸೇತುವೆ ಕಟ್ಟಿ, ಮರ್ಯಾದೆಯಿಂದ ಕಳಿಸಿಕೊಟ್ಟೆ ಎಂದು ನನಗೆ ಬರೆದವರೂ ನೀವು. ಅಷ್ಟು ಮರ್ಯಾದೆಯ ಕೆಲಸವಾಗಿದ್ದರೆ ಅಮ್ಮಿಯ ಮುಂದೆ ಏಕೆ ಹೇಳಲಿಲ್ಲ? ‘ಮುದುಕ ತೀರಿಕೊಂಡ್ನರೀ ಚಾಚಿ, ನಿಮ್ಮ ಮಗಳಿಗೆ ಯಾರ ಮ್ಯಾಲೂ ಸಿಟ್ಟಿಲ್ಲ ಅಂತ ಬರದೇನಿ’ ಎಂದು ಹೇಳಬೇಕಿತ್ತು. ನಿಮ್ಮ ನಾಲಿಗೆ ಹೊರಳಲಿಲ್ಲ. ನನ್ನ ತಾಯಿಯ ಮುಖ ನೋಡಿ ಹೇಳಲಾಗದ ಮಾತನ್ನು ನನ್ನ ಹೆಸರಿನಲ್ಲಿ ಊರಿಗೆಲ್ಲ ಹೇಳಿದ್ದೀರಿ.

ಅಂದು ಸಂಜೆ ಅಮ್ಮಿ ನನಗೆ ಹೇಳಿದಳು: ‘ಮುದುಕ ಆರಾಮದಾನಂತ.’ ನಾನು ಏನೂ ಅನ್ನಲಿಲ್ಲ. ಹೀಗೆ ನಿಮ್ಮ ಸುಳ್ಳಿನಲ್ಲಿ ನನ್ನನ್ನೂ ಸೇರಿಸಿಕೊಂಡಿರಿ.

ನೀವು ಯಾರನ್ನೂ ಕೊಂದಿಲ್ಲ, ನಿಜ. ಟ್ರೇಲರಿನವರೂ ಅದನ್ನೇ ಹೇಳುತ್ತಾರೆ.

ಇನ್ನು ಬರೆಯುವುದಿಲ್ಲ. ನೀವೂ ಬರಬೇಡಿ.

ಶಾಹಿಸ್ತಾ


ಅಸುಂಡಿ
೩ ಅಕ್ಟೋಬರ್ ೨೦೨೨

ಶಾಹಿಸ್ತಾಗೆ,

ಬರೆಯಬೇಡಿ ಎಂದು ನೀನು ಹೇಳಲಿಲ್ಲ, ಬರಬೇಡಿ ಎಂದೆ. ಆದ್ದರಿಂದ ಬರೆಯುತ್ತಿದ್ದೇನೆ.

ಹಿಂಗಾರಿನ ಬಿತ್ತನೆಗೆಂದು ಊರಿಗೆ ಬಂದಿದ್ದೇನೆ. ನಿನ್ನ ಕಾಗದ ಬಂದಾಗಿನಿಂದ ನನಗೂ ಮೈಯೆಲ್ಲ ಸಿಟ್ಟು. ಮೊದಲು ನಿನ್ನ ಮೇಲೆ, ಆಮೇಲೆ ಯಾರ ಮೇಲೆ ಎಂದು ತಿಳಿಯಲಿಲ್ಲ. ಊಟಕ್ಕೆ ಕುಳಿತಾಗ ಅವ್ವನ ಮೇಲೆ ರೇಗಿದೆ. ನಮ್ಮವ್ವ ಮಾಳವ್ವ ಯಾರ ಸಿಟ್ಟನ್ನೂ ಸುಮ್ಮನೆ ತಗೊಳ್ಳುವವಳಲ್ಲ. ಏನು ಎತ್ತ ಎಂದು ಬಿಡಿಸಿ ಕೇಳಿದಳು. ಹೇಳಿದೆ. ‘ಕರೆವ್ವನ ಹೊಲಾ ಬಿತ್ತಿದಂಗ ಬಿತ್ತೇನಿ, ಅದಕ್ಕ ಇಷ್ಟ ಬೈತಾಳ,’ ಅಂದೆ.

ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ‘ಬೀಜ ಯಾರದ್ದು?’

‘ಯಾವ ಬೀಜಬೇ?’

‘ಲೇ ಖೋಡಿ, ನೀನೂ ಅವತ್ತ ಹೊಲದಾಗ ಇದ್ದಿ. ಎತ್ತು ನಮ್ಮವು, ಕೂರಿಗಿ ನಮ್ಮದು, ಆಳು ನಾವು. ಬೀಜ ಮಾತ್ರ ಕರೆವ್ವ ತನ್ನ ಉಡಿಯಾಗ ತಂದ ಕೊಟ್ಟಳು. ಅಳಕೋತ ತಂದಳು. ಆಕಿ ತರೂಮಟ ಕೂರಿಗಿ ಹೂಡಲಿಲ್ಲ, ಬಿಸಲೇರಿದರೂ ನಿಂತಿವಿ. ಆ ಮನೀ ಬೀಜ ಇಲ್ಲದ ಬಿತ್ತಿದರ ಅದು ಮುಯ್ಯಿ ಅಲ್ಲ. ಹೊಲ ಕಸಗೊಂಡಂಗ.’

ಅದು ನನಗೆ ಗೊತ್ತಿರದ ಸಂಗತಿಯಲ್ಲ. ಕರೆವ್ವ ಬದುವಿನ ಮೇಲೆ ಬಂದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನಿನಗೆ ಬರೆಯುವಾಗ ಅವಳನ್ನು ಬಿಟ್ಟು ಎತ್ತು ಕೂರಿಗೆಯನ್ನಷ್ಟೇ ಬರೆದೆ.

ನಿನ್ನೆ ಭಾನುವಾರ. ವರದಿಯ ಜಾಗದಲ್ಲಿ ಹೀಗೆ ಹಾಕಿದೆ. ಆ ಹೇಳಿಕೆ ಇರುವ ಕಡೆಯೂ ಅದೇ ಅಕ್ಷರದಲ್ಲಿ ಹಾಕಿದೆ:

‘ಏಪ್ರಿಲಿನಿಂದ ಕಡವಿನಾಡಿನ ಹೆಸರಿನಲ್ಲಿ ಬಂದ ಎಲ್ಲ ಬರಹ ಹೊನ್ನೇಶನಾದ ನನ್ನದು. ಮುದಕಪ್ಪನನ್ನು ಕೊಂದವನು ನಾನು. ಯಾರ ಮೇಲೂ ಸಿಟ್ಟಿಲ್ಲ ಎಂದು ಶಾಹಿಸ್ತಾ ಎಂದೂ ಹೇಳಿಲ್ಲ. ಅವಳನ್ನು ಕೇಳದೆ ಬರೆದೆ. ಇನ್ನೂ ಮೂರು ನಾಡುಗಳನ್ನು ಅವರವರಿಗೆ ತಿಳಿಸದೆ ನಾನೇ ನಡೆಸಿದ್ದೇನೆ. ಅವುಗಳ ಹೆಸರುಗಳು ಕೆಳಗಿವೆ. ಇಂದಿನಿಂದ ನಾನು ಸಂಚಾಲಕನಲ್ಲ.’

ನಾನು ಅಂದುಕೊಂಡಂತೆಯೇ ಆಯಿತು. ದಾದಾಪೀರ ಮೊದಲು ಬರೆದ: ‘ಅಂದ್ರ ನನ್ನ ಗಡಿ ಮ್ಯಾಲೆ ಬಂದ ಮೂರೂ ದಂಡು ನೀನ ಏನಲೇ? ಎರಡ ವರ್ಷ ನಾ ನಿನ್ನ ಒಬ್ಬನ ಜೋಡಿ ಕುಸ್ತಿ ಹಿಡದೇನಿ? ರಾಜಿ ಮಾಡಸಾಕ ಬಂದ ನ್ಯಾಯಾಧೀಶನೂ ನೀನ ಆಗಿದ್ದಿ!’ ನಗುವ ಮಾತಿನಂತಿದೆ, ಆದರೆ ಅವನು ನಗಲಿಲ್ಲ. ‘ನಾ ಖರೆ ಮಂದಿ ಜೋಡಿ ಆಡೇನಿ ಅಂತ ತಿಳದಿದ್ದೆ’ ಎಂದು ಬರೆದು ಹೊರಟುಹೋದ. ಅವನ ಹಿಂದೆ ಉಳಿದವರೂ ಹೋದರು. ಕೆಲವರು ಬಯ್ದು ಹೋದರು, ಕೆಲವರು ಏನೂ ಅನ್ನದೆ ಹೋದರು. ಬಯ್ದವರೇ ವಾಸಿ.

ಸದ್ಯ ಇರುವವರು ಮುಂಡರಗಿಯ ಆ ಮೂವರು ಹೊಸಬರು. ಏಕೆ ಇದ್ದಾರೋ ಗೊತ್ತಿಲ್ಲ.

ನಿಮ್ಮ ನಾಡಿನ ಪಾಸ್‌ವರ್ಡ್ ಬದಲಾಯಿಸಿಕೋ. ನನಗೆ ಹೇಳಬೇಡ. ಚಾಚಿಗೆ ನಾನು ಸುಳ್ಳು ಹೇಳಿದ್ದೇನೆ. ಅದನ್ನು ತಿದ್ದಲು ಬರಲೇ, ಬೇಡವೇ ಎಂದು ನೀನೇ ಹೇಳು.

ಹೊನ್ನೇಶ


ಲಕ್ಷ್ಮೇಶ್ವರ
೧೬ ಅಕ್ಟೋಬರ್ ೨೦೨೨

ಹೊನ್ನೇಶ ಅವರಿಗೆ,

ಓದಿದೆ. ಕೇಳಿದ ಜಾಗದಲ್ಲಿ, ಕೇಳಿದ ಅಕ್ಷರದಲ್ಲಿ ಇದೆ.

ಇದರಿಂದ ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ನಾನು ಕೇಳಿದ್ದು ಇಳಿಸಲಿಕ್ಕಲ್ಲ. ಅಷ್ಟು ಜನ ಬಿಟ್ಟು ಹೋದರೆಂದು ನನಗೆ ಸಂತೋಷವಾಗಿಲ್ಲ, ಪಶ್ಚಾತ್ತಾಪವೂ ಇಲ್ಲ. ದಾದಾಪೀರನ ಮಾತು ಸರಿ. ಅಣ್ಣನೂ ನಿಮ್ಮ ಆ ಮೂರು ದೇಶಗಳಿಗೆ ಖರೆ ಮಂದಿ ಎಂದು ತಿಳಿದೇ ಉತ್ತರ ಬರೆದಿದ್ದಾನೆ. ಅದನ್ನು ಅವನಿಗೆ ಯಾರು ಹೇಳುತ್ತಾರೆ?

ಶೇಖಸಾಬ ಮತ್ತೆ ಬಂದಿದ್ದರು. ನಿಮ್ಮ ತಿದ್ದುಪಡಿಯನ್ನು ನಾನು ಅಬ್ಬಾಗೆ ಮೊದಲೇ ಓದಿ ಹೇಳಿದ್ದೆ. ಅಬ್ಬಾ ಈ ಸಲ ದಬ್ಬಣ ಕೆಳಗಿಟ್ಟರು. ‘ಗದಗಿನ ಒಬ್ಬ ಹುಡುಗ ತನ್ನ ತಪ್ಪು ತಾನ ಬರದ ಎಲ್ಲರಿಗೂ ತೋರಸ್ಯಾನ. ಇವರಿಗೇನ ಧಾಡಿ ಆಗೇತಿ? ಟ್ರೇಲರ್ ನಿಲ್ಲಿಸಿದಾಂವ ಬಂದ ನಿಂತ ಹೇಳೂಮಟ ಸಹಿ ಇಲ್ಲ,’ ಅಂದರು. ‘ಮಗಳು ಒಲ್ಲೆ ಅಂತಾಳ’ ಎನ್ನಲಿಲ್ಲ. ತಾವೇ ಒಲ್ಲೆ ಅಂದರು. ಇದನ್ನು ನಿಮಗೆ ತಿಳಿಸಬೇಕು ಅನ್ನಿಸಿತು. ಇದಕ್ಕೆ ಬೇರೆ ಅರ್ಥ ಕಟ್ಟಬೇಡಿ.

ಅಮ್ಮಿಗೆ ಹೇಳಿದ ಸುಳ್ಳನ್ನು ತಿದ್ದಲು ನೀವು ಬರಬೇಕಾಗಿಲ್ಲ. ನಾನು ಅದನ್ನು ನಿಜ ಮಾಡಿದ್ದೇನೆ. ಏಪ್ರಿಲಿನಿಂದ ಬಂದದ್ದು ಯಾವುದೂ ಕಡವಿನಾಡಿನದಲ್ಲ ಎಂದು ಒಡತಿಯ ಹೆಸರಿನಲ್ಲಿ ಬರೆದು ಹಾಕಿದೆ. ಸೇತುವೆ ಇಲ್ಲ. ಬಿರುಗಾಳಿ ಬರಲಿಲ್ಲ. ಹರಗೋಲು ನಡುಹೊಳೆಯಲ್ಲಿದೆ. ದಂಡೆಯ ಮೇಲಿರುವವರು ಬೇಕಾದರೆ ಕಾಯಬಹುದು, ಬೇಡವಾದರೆ ಹೋಗಬಹುದು. ಯಾವಾಗ ಬರುತ್ತದೆಂದು ನಾನು ಹೇಳಲಾರೆ. ಅಂಬಿಗ ನನ್ನ ಅಣ್ಣ, ಅವನು ತೀರಿಕೊಂಡಿದ್ದಾನೆ ಎಂದೂ ಬರೆದೆ.

ಮುಂಡರಗಿಯ ಮಂಜುಳಾ ಕೆಳಗೆ ಬರೆದಿದ್ದಾಳೆ: ‘ನಮಗ ಯಾರೂ ಹೇಳಿರಲಿಲ್ಲರೀ ಅಕ್ಕಾರ. ಕಾಯ್ತೀವಿ. ಬುತ್ತಿ ಮತ್ತ ಕಟಗೊಂಡ ಬಂದೀವಿ.’ ಅವಳಿಗೆ ನೀವು ಏಪ್ರಿಲಿನಲ್ಲಿ ಹೇಳಬೇಕಿದ್ದದ್ದು ಇಷ್ಟೇ ಇತ್ತು.

ಅಮ್ಮಿಗೆ ಹೇಳಿದೆ, ಮುದುಕ ನಡುಹೊಳೆಯಲ್ಲಿದ್ದಾನೆ ಎಂದು. ‘ಮಂಜು ಭಾಳ ಐತೇನು?’ ಅಂದಳು. ಹೂಂ ಅಂದೆ.

ಹರಗೋಲಿನಲ್ಲಿ ಮುದಕಪ್ಪ ಒಬ್ಬನೇ ಇಲ್ಲ. ನಿಮ್ಮ ರಾಯಭಾರಿ ಫೆಬ್ರುವರಿಯಿಂದ ಅವನೆದುರು ಕುಳಿತಿದ್ದಾನೆ. ‘ಈಜು ಬರತೈತೇನು?’ ಅಣ್ಣ ಬದುಕಿದ್ದಾಗಲೇ ಕೇಳಿದ ಪ್ರಶ್ನೆ ಅದು. ಒಂದು ಹಗಲು ನಿಮಗೆ ಸಮಯವಿತ್ತು. ನೀವು ಅದಕ್ಕೆ ಉತ್ತರ ಕೊಡಲಿಲ್ಲ. ಆಮೇಲೆ ಕೇಳಿದವನ ಬಾಯಿಯಲ್ಲೇ ಮಾತಾಡತೊಡಗಿದಿರಿ.

ರಾಯಭಾರಿ ನಿಮ್ಮವನು. ಅವನ ಉತ್ತರವನ್ನು ನೀವೇ ಬರೆಯಬೇಕು. ಮೊದಲ ನಿಯಮ.

ಶಾಹಿಸ್ತಾ


ಗದಗ
೨೫ ಅಕ್ಟೋಬರ್ ೨೦೨೨

ಶಾಹಿಸ್ತಾಗೆ,

ಅವನು ಕೇಳಿದ ದಿನ ಪ್ರೆಸ್ಸಿನಲ್ಲಿ ಜಾತ್ರೆಯ ಪೋಸ್ಟರಿನ ಕೆಲಸವಿತ್ತು. ಫೋನಿನಲ್ಲಿ ಓದಿ ನಕ್ಕು ಜೇಬಿಗಿಟ್ಟೆ. ನಾಳೆ ಚೆನ್ನಾಗಿ ಯೋಚಿಸಿ ಒಂದು ಖಡಕ್ ಉತ್ತರ ಕೊಡಬೇಕು, ಎಲ್ಲರೂ ನಗಬೇಕು ಅಂದುಕೊಂಡಿದ್ದೆ. ನನ್ನ ರಾಯಭಾರಿ ದೊಡ್ಡ ಸಾಹೇಬ. ಏಳು ಕಡಲು ಈಜಿ ಬಂದವನು ಎಂದು ಬರೆಯುವುದಿತ್ತು.

ಇವತ್ತು ಉತ್ತರ ಹಾಕಿದ್ದೇನೆ. ಜಾಹೀದನ ಸಾಲಿನ ನೇರ ಕೆಳಗೆ, ನನ್ನ ಹೆಸರಿನಲ್ಲಿ.

‘ಬರೂದಿಲ್ಲ ಅಜ್ಜಾ.’

ಅಷ್ಟೇ ಬರೆದೆ. ಅದಕ್ಕೆ ಮುದಕಪ್ಪ ಏನು ಅನ್ನುತ್ತಾನೆ ಎಂಬುದನ್ನು ಬರೆದಿಲ್ಲ.

ಹೊನ್ನೇಶ